ನಿಂಗಿಯ ತಲೆಯೊಳಗಿನ ಎತ್ತರ

ನಮ್ಮ ಯಜಮಾನರಿಗೆ ಬೆಕ್ಕಿನ ತಲೆಯೊಳಗೆ ಎತ್ತರ ಇದೆಯೋ ಇಲ್ಲವೋ ಅನ್ನುವ ಹುಚ್ಚು ಹಿಡಿದದ್ದು ಮೈಸೂರಿನಲ್ಲಿ. ಅವರ ಹೆಸರು ಸೋಮಶೇಖರ್, ಹುಣಸೂರಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರದ ಮೇಷ್ಟ್ರು. 2001ರ ಬೇಸಿಗೆ ರಜದಲ್ಲಿ ತರಬೇತಿ ಅಂತ ಮಾನಸಗಂಗೋತ್ರಿಗೆ ಹೋದರು. ಬರುವಾಗ ನನಗೊಂದು ಸೀರೆ ತಂದಾರು ಅಂದುಕೊಂಡಿದ್ದೆ. ತಂದದ್ದು ಇಲಿಯ ಮೆದುಳಿನ ಸುದ್ದಿ.

"ಇಲಿ ಒಂದು ಪೆಟ್ಟಿಗೇಲಿ ಓಡಾಡ್ತಾ ಇದೆ ಅಂತ ಇಟ್ಕೊ ಪುಷ್ಪಾ," ಅಂದರು ಊಟಕ್ಕೆ ಕೂತವರೇ. "ಅದರ ಮೆದುಳಲ್ಲಿ ಒಂದೊಂದು ಜಾಗಕ್ಕೆ ಒಂದೊಂದು ಜೀವಕೋಶ ಕಾವಲು ಕೂತಿರುತ್ತೆ. ಇಲಿ ಈ ಮೂಲೆಗೆ ಬಂತೋ, ಈ ಕೋಶ ಕೂಗುತ್ತೆ. ಆ ಮೂಲೆಗೆ ಹೋಯ್ತೋ, ಆ ಕೋಶ. ಎಲ್ಲ ಸೇರಿದ್ರೆ ಆ ಪೆಟ್ಟಿಗೆಯ ನಕ್ಷೇನೇ ಇಲಿ ತಲೇಲಿ ಇದ್ದಂಗೆ."

"ಸರಿ. ಸಾರು ಹಾಕ್ಲಾ?"

"ಆದ್ರೆ ಆ ಪೆಟ್ಟಿಗೆ ಚಪ್ಪಟೆ ಕಣೇ! ಉದ್ದ ಇದೆ, ಅಗಲ ಇದೆ. ಎತ್ತರ ಎಲ್ಲಿದೆ? ಮರ ಹತ್ತೋ ಬೆಕ್ಕು, ಹಾರಾಡೋ ಬಾವಲಿ, ಇವುಗಳ ತಲೇಲಿ ಮೇಲೆ ಕೆಳಗೆ ಅನ್ನೋದೂ ಅಷ್ಟೇ ಸರಿಯಾಗಿ ಬರೆದಿರುತ್ತಾ? ಅದು ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ."

ಯಾರಿಗೂ ಗೊತ್ತಿಲ್ಲದ್ದು ನನ್ನ ಗಂಡನಿಗೆ ಯಾಕೆ ಬೇಕಿತ್ತು ಅಂತ ಕೇಳಿದರೆ ಅದಕ್ಕೂ ಉತ್ತರ ಇರುತ್ತಿತ್ತು. ನಾನು ಕೇಳಲಿಲ್ಲ, ಸಾರು ಹಾಕಿದೆ.

ನಮ್ಮ ಮನೆ ಇದ್ದದ್ದು ಗಾವಡಗೆರೆಯಲ್ಲಿ. ಜಮೀನು ನೋಡಿಕೊಳ್ಳುತ್ತಿದ್ದವರು ಇವರ ಅಣ್ಣ ಕಂಠಪ್ಪ, ನನಗೆ ಭಾವ. ಮನೆ ನೋಡಿಕೊಳ್ಳುತ್ತಿದ್ದವಳು ಅವರ ಹೆಂಡತಿ ಸರ್ವಮಂಗಳ, ನನಗೆ ಅಕ್ಕ. ಭಾವ ಬೈಯುವುದಕ್ಕೆಂದೇ ಬಾಯಿ ತೆರೆಯುವ ಮನುಷ್ಯ. ಅವರು ಬೈಯದೆ ಸುಮ್ಮನಿದ್ದ ದಿನ ಅಕ್ಕ ಹಣೆ ಮುಟ್ಟಿ ನೋಡುತ್ತಿದ್ದಳು, ಜ್ವರ ಗಿರ ಬಂತೇನೋ ಅಂತ. ನಿಂಗಿ ಅನ್ನುವುದು ಅಕ್ಕ ಸಾಕಿದ್ದ ಬೆಕ್ಕು. ಬೂದಿ ಬಣ್ಣ, ಒಂದು ಕಿವಿ ಹರಿದಿತ್ತು. ಭಾವ ಅದನ್ನು ಶನಿ ಅಂತಲೇ ಕರೆಯುತ್ತಿದ್ದರು, ಆ ಶನಿಗೂ ಆ ಹೆಸರಿಗೇ ಓಗೊಟ್ಟು ಅಭ್ಯಾಸವಾಗಿತ್ತು.

ನಮ್ಮ ಪಡಸಾಲೆಯ ಗೋಡೆಯಲ್ಲಿ ಒಂದರ ಮೇಲೊಂದು ಮೂರು ಗೂಡುಗಳಿದ್ದವು. ಯಜಮಾನರು ನಡುವಿನ ಗೂಡಿನಲ್ಲಿ ನಾಲ್ಕು ದಿನ ಹಾಲಿನ ಬಟ್ಟಲಿಟ್ಟರು, ಐದನೆಯ ದಿನ ಎಲ್ಲೂ ಇಡದೆ ಕುರ್ಚಿ ಹಾಕಿಕೊಂಡು ಕಾದು ಕೂತರು. ನಿಂಗಿ ಬಂದಳು, ಗೋಡೆಯ ಹತ್ತಿರ ಹೋದಳು, ಕೆಳಗಿನ ಗೂಡಿಗೆ ಮೂತಿ ಹಾಕಿದಳು, ಆಮೇಲೆ ಮೇಲಿನದಕ್ಕೆ ನೆಗೆದಳು. "ನೋಡ್ದಾ! ಗೋಡೆ ನೆನಪಿದೆ, ಎತ್ತರ ನೆನಪಿಲ್ಲ!" ಅಂತ ಇವರು ಎದ್ದು ಕುಣಿದರು. ಅಷ್ಟರಲ್ಲಿ ಅಕ್ಕ ಅಡಿಗೆಮನೆಯಿಂದ, "ಮೇಲಿನ ಗೂಡಲ್ಲಿ ಬೆಣ್ಣೆ ಇಟ್ಟಿವ್ನಿ ಕಣಪ್ಪ ಸೋಮಣ್ಣ, ಓಡಿಸು ಅದನ್ನ," ಅಂದಳು. ಆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಬೆಣ್ಣೆಯೂ ಮುಗಿದಿತ್ತು.

ನಾನು ಕೆ.ಆರ್. ನಗರದ ಕಡೆಯ ಭತ್ತದ ಸೀಮೆಯವಳು. ಹೊಗೆಸೊಪ್ಪಿನ ಗಂಧಗಾಳಿಯೂ ಇಲ್ಲದೆ ಈ ಊರಿಗೆ ಸೊಸೆಯಾಗಿ ಬಂದೆ. ಇಲ್ಲಿ ಮನೆಗೊಂದು ದೇವರ ಕೋಣೆ ಇರುವ ಹಾಗೆ ಹೊಲಕ್ಕೊಂದು ಬ್ಯಾರನ್. ಹೊಗೆಸೊಪ್ಪನ್ನು ಬೇಯಿಸಿ ಒಣಗಿಸುವ, ಕಿಟಕಿಯಿಲ್ಲದ ಎತ್ತರದ ಇಟ್ಟಿಗೆ ಕಟ್ಟಡ. ಒಳಗೆ ಈ ಗೋಡೆಯಿಂದ ಆ ಗೋಡೆಗೆ ಹಾಕಿದ ಗಳಗಳು, ಒಂದರ ಮೇಲೊಂದು ಐದು ಸಾಲು. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಆ ಕಡ್ಡಿಗಳನ್ನು ಗಳಗಳ ಮೇಲೆ ಒತ್ತೊತ್ತಾಗಿ ಜೋಡಿಸಿ, ಹೊರಗಿನ ಒಲೆಗೆ ಸೌದೆ ಹಾಕಿದರೆ ನೆಲದ ಮೇಲಿನ ತಗಡಿನ ಕೊಳವೆಗಳು ಕಾದು ಸೊಪ್ಪು ಬೇಯುತ್ತದೆ. ತುಂಬಿದ ಬ್ಯಾರನ್ನಿನೊಳಗೆ ನಿಂತು ತಲೆ ಎತ್ತಿದರೆ ಆಕಾಶವೂ ಇಲ್ಲ, ಸೂರೂ ಇಲ್ಲ. ಬರೀ ಸೊಪ್ಪು.

ತುಂಬುವುದು ಹೀಗೆ. ಒಬ್ಬ ಮೇಲೆ ಹತ್ತಿ ಎರಡು ಗಳದ ಮೇಲೆ ಕಾಲು ಅಗಲಿಸಿ ನಿಲ್ಲುತ್ತಾನೆ, ಕೆಳಗಿನವರು ಕಡ್ಡಿ ಕೊಡುತ್ತಾರೆ. ಕೆಳಗೆ ನಿಂತು ಕೊಡುವುದು ಮದುವೆಯಾಗಿ ಬಂದ ವರ್ಷದಿಂದಲೂ ಅಕ್ಕನ ಕೆಲಸ. ಮೇಲೆ ನಿಲ್ಲುವುದು ಮೊದಲು ಭಾವನ ಕೆಲಸವಾಗಿತ್ತು. ಒಂದು ವರ್ಷ ಅವರು ಮೇಲಿನ ಸಾಲಿನಿಂದ ಬಿದ್ದರು. ಮೂಳೆ ಕೂಡಿಕೊಂಡಿತು, ತಲೆ ಕೂಡಿಕೊಳ್ಳಲಿಲ್ಲ. ಕಿವಿಯ ಒಳಗೆ ಪೆಟ್ಟಾಗಿದೆ ಅಂತ ಮೈಸೂರಿನ ಡಾಕ್ಟರು ಹೇಳಿದರಂತೆ. ಆವತ್ತಿನಿಂದ ಭಾವ ಏಣಿಯ ಎರಡನೆಯ ಮೆಟ್ಟಿಲು ಹತ್ತಿದವರಲ್ಲ, ಕರೆಂಟು ಹೋದರೆ ಕೂತಲ್ಲಿಂದ ಏಳುವವರಲ್ಲ. ಅದನ್ನು ಯಾರೂ ಆಡುವ ಹಾಗೂ ಇರಲಿಲ್ಲ. ಮೇಲೆ ಹತ್ತುವ ಕೆಲಸಕ್ಕೆ ಮಂಟಯ್ಯ ಅನ್ನುವವನು ಬರುತ್ತಿದ್ದ, ಭಾವ ಕೆಳಗೆ ನಿಂತು ಅವನನ್ನು ಬೈಯುತ್ತಿದ್ದರು.

ಆ ವರ್ಷದ ಮೊದಲ ಬ್ಯಾರನ್ ತುಂಬುವ ಹೊತ್ತಿಗೆ ನಿಂಗಿ ಮೂರು ಮರಿ ಹಾಕಿದ್ದಳು. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅನ್ನುತ್ತಾರಲ್ಲ, ಇವಳೂ ಅಟ್ಟದಿಂದ ಸೌದೆ ಮನೆಗೆ, ಸೌದೆ ಮನೆಯಿಂದ ಹುಲ್ಲಿನ ಮೆದೆಗೆ ಸಾಗಿಸಿದಳು. ಮೆದೆಯಿಂದ ಎಲ್ಲಿಗೆ ಒಯ್ದಳು ಅಂತ ಯಾರೂ ನೋಡಲಿಲ್ಲ. ಸೊಪ್ಪು ಮುರಿಯುವ ಕಾಲದಲ್ಲಿ ನಮಗೆ ನಮ್ಮ ಮಕ್ಕಳು ಎಲ್ಲಿದ್ದಾರೆ ಅನ್ನುವುದೇ ಗೊತ್ತಿರುವುದಿಲ್ಲ.

ಬೆಳಗ್ಗೆ ತುಂಬಿ ಮುಗಿಸಿದೆವು. ಒಲೆಗೆ ವಿಭೂತಿ ಬಳಿದು, ಕಾಯಿ ಒಡೆದು, ಭಾವ ಬೆಂಕಿ ಇಟ್ಟರು. ಬಾಗಿಲು ಹಾಕಿ, ಸೂರಿನ ಹತ್ತಿರದ ಗಾಳಿಗಿಂಡಿಯನ್ನೂ ಮುಚ್ಚಿದರು. ಮೊದಲ ಹಂತದಲ್ಲಿ ಸಣ್ಣ ಉರಿ, ಸೊಪ್ಪು ಒಳಗೇ ಬೆವತು ಹಳದಿಗೆ ತಿರುಗಬೇಕು. ತಿರುಗಿದ ಕೂಡಲೇ ಉರಿ ಏರಿಸಬೇಕು, ತಡವಾದರೆ ಎಲೆ ಕಪ್ಪಾಗುತ್ತದೆ. ಆ ಒಂದು ಘಳಿಗೆಯಲ್ಲೇ ವರ್ಷದ ದುಡಿಮೆ ನಿಂತಿರುತ್ತದೆ ಅನ್ನುತ್ತಿದ್ದರು ಭಾವ.

ಮಾರನೆಯ ಬೆಳಗ್ಗೆ ನಾನು ಕಾಫಿ ತೆಗೆದುಕೊಂಡು ಬ್ಯಾರನ್ನಿನ ಹತ್ತಿರ ಹೋದಾಗ ಅಕ್ಕ ಕತ್ತೆತ್ತಿ ನಿಂತಿದ್ದಳು. ನಿಂಗಿ ಪಕ್ಕದ ಬೇವಿನ ಮರದಿಂದ ಹೆಂಚಿನ ಮೇಲಿಳಿದು, ಮುಚ್ಚಿದ ಗಾಳಿಗಿಂಡಿಯನ್ನು ಕೆರೆಯುತ್ತಿದ್ದಳು. ಕೆರೆದು ಅರಚುವುದು, ಅರಚಿ ಮರಕ್ಕೆ ಹಾರುವುದು, ಕೆಳಗಿಳಿದು ಗೋಡೆ ಸುತ್ತುವುದು, ಮತ್ತೆ ಮರ ಹತ್ತುವುದು. ಬೆಕ್ಕು ಹಾಗೆ ಅರಚುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಪುಷ್ಪಾ," ಅಂದಳು ಅಕ್ಕ, "ಮರಿಗೋಳು ಒಳಗವೆ ಕಣೇ."

ನಾನು ಕಾಫಿಯನ್ನು ಅಲ್ಲೇ ಕೆಳಗಿಟ್ಟೆ.

ಭಾವ ಒಲೆಯ ಮುಂದೆ ಕೂತಿದ್ದರು. "ಮಂಟ ಎಲ್ಲ ಸಾಲೂ ಹತ್ತಿ ಇಳ್ದವ್ನೆ. ಇದ್ದಿದ್ರೆ ಕಾಣ್ತಿರ್ನಿಲ್ವಾ?" ಅಂದರು. ಆದರೆ ಅವರ ದನಿಯಲ್ಲಿ ಬೈಗುಳ ಇರಲಿಲ್ಲ. ಎದ್ದು ಬಾಗಿಲ ಗಾಜಿನಲ್ಲಿ ಬಗ್ಗಿ ಥರ್ಮಾಮೀಟರ್ ನೋಡಿದರು. ತೊಂಬತ್ತೈದು ಫ್ಯಾರನ್‌ಹೀಟ್. ಅದು ಸೆಕೆ, ಸಾವಲ್ಲ. ಕೆಳಗಿನ ಎಲೆಗಳ ಅಂಚು ಆಗಲೇ ಹಳದಿಯಾಗಿತ್ತು. ಮಧ್ಯಾಹ್ನಕ್ಕೆ ಉರಿ ಏರಿಸಲೇಬೇಕು, ಏರಿಸಿದರೆ ಒಳಗಿನ ಯಾವ ಜೀವವೂ ಉಳಿಯುವುದಿಲ್ಲ.

"ಎಲ್ಲಾನೂ ಇಳಿಸಿಬುಡಿ," ಅಂದಳು ಅಕ್ಕ.

"ಇಳಿಸಿದ್ರೆ ಬ್ಯಾರನ್ ಸೊಪ್ಪೆಲ್ಲ ತಿಪ್ಪೆಗೆ ಕಣೇ. ವರ್ಷವೆಲ್ಲ ತಿನ್ನೋದೇನು?"

ಅಕ್ಕ ಎದುರು ಮಾತಾಡಿದ್ದರೆ ಜಗಳವಾಗಿ ಮುಗಿಯುತ್ತಿತ್ತು. ಅವಳು ಆ ಬೆಕ್ಕನ್ನು ನೋಡುತ್ತ ನಿಂತಳು. ಅದು ಭಾವನಿಗೆ ಜಗಳಕ್ಕಿಂತ ಕಷ್ಟವಾಯಿತು. "ಗಾಳಿಗಿಂಡಿ ತೆಗಿಯೋ ಸೋಮ," ಅಂತ ಕೂಗಿದರು.

ಕಾಲೇಜಿಗೆ ಹೊರಟಿದ್ದ ಯಜಮಾನರು ಇಸ್ತ್ರಿ ಷರ್ಟಿನಲ್ಲೇ ಬಂದು ಹಗ್ಗ ಎಳೆದು ಗಾಳಿಗಿಂಡಿ ತೆರೆದರು. ನಿಂಗಿ ಬಾಣದ ಹಾಗೆ ಒಳಗೆ ನುಗ್ಗಿದಳು. ನಾವೆಲ್ಲ ಉಸಿರು ಬಿಟ್ಟೆವು. ಆದರೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಆಗಿರಲಿಲ್ಲ, ಬರಿಬಾಯಲ್ಲಿ ಹೊರಬಂದಳು. ಮತ್ತೆ ನುಗ್ಗಿದಳು, ಮತ್ತೆ ಬಂದಳು. ಆಮೇಲೆ ಹೆಂಚಿನ ಮೇಲೆ ಕೂತು ಅರಚಿದಳು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಮರ್ತೋಗೈತೆ ಅದಕ್ಕೆ, ಎಲ್ಲಿಟ್ಟೆ ಅನ್ನೋದೇ," ಅಂದರು ಭಾವ.

"ಇಲ್ಲ ಅಣ್ಣ, ಮರ್ತಿಲ್ಲ." ಇವರು ಚಪ್ಪಲಿ ಬಿಟ್ಟು ಬ್ಯಾರನ್ನಿನ ಗೋಡೆಗೆ ಅಂಗೈ ಇಟ್ಟುಕೊಂಡು ನಿಂತಿದ್ದರು. "ಅವಳು ಮರಿ ಹೊತ್ತು ತಂದಾಗ ಬ್ಯಾರನ್ ಖಾಲಿ ಇತ್ತು. ಗಿಂಡಿಯಿಂದ ಇಳಿದು ಗಳದ ಮೇಲೆ ನಡ್ಕೊಂಡು ಹೋದಳು. ಈಗ ಆ ದಾರಿ ಎಲ್ಲಾ ಸೊಪ್ಪು ಮುಚ್ಚಿದೆ. ಹೋಗಿರೋದು ದಾರಿ, ಜಾಗ ಅಲ್ಲ. ಜಾಗ ಅವಳ ತಲೇಲಿ ಹಂಗೇ ಇದ್ರೆ, ಬೇರೆ ಕಡೆಯಿಂದ ಬಿಟ್ರೂ ಹುಡುಕಬೇಕು. ಕೆಳಗಿನ ಬಾಗಿಲಿಂದ ಬಿಡೋಣ."

"ಕೆಳಗಿನ ಬಾಗಿಲು ಅದು ಕಂಡೇ ಇಲ್ವಲ್ಲೋ. ಇದರೊಳಕ್ಕೆ ಯಾವತ್ತೂ ಬುಟ್ಟಿಲ್ಲ ಅದನ್ನ ನಾನು."

"ಅದಕ್ಕೇ ಅಣ್ಣ ನೋಡಬೇಕು."

ಬೇರೆ ದಿನವಾಗಿದ್ದರೆ ನಾನು ನಕ್ಕು ಏನಾದರೂ ಅನ್ನುತ್ತಿದ್ದೆ. ಆವತ್ತು ನನ್ನ ಗಂಡನ ಮುಖ ನೋಡಿ ಸುಮ್ಮನಾದೆ. ಅವರಿಗೆ ಪರೀಕ್ಷೆ ಮಾಡುವ ಖುಷಿ ಇರಲಿಲ್ಲ, ತಪ್ಪಾದರೆ ಅನ್ನುವ ಹೆದರಿಕೆ ಇತ್ತು. ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು, ಹೇಳಲಿಕ್ಕೆ ಪುರಸೊತ್ತಿರಲಿಲ್ಲ.

ಅಕ್ಕ ನಿಂಗಿಯನ್ನು ಕರೆದು ಸೆರಗಿನಲ್ಲಿ ಸುತ್ತಿಕೊಂಡಳು. ಬಾಗಿಲು ತೆರೆದರೆ ಹಸಿ ಸೊಪ್ಪಿನ ಘಾಟು, ಬಿಸಿ ಆವಿ ಮುಖಕ್ಕೆ ಹೊಡೆಯಿತು. ಒಳಗೆ ಹೋಗಿ ಕೊಳವೆಗಳ ನಡುವೆ ಅದನ್ನು ಇಳಿಸಿದಳು. ಬೆಕ್ಕು ಹೊಟ್ಟೆ ನೆಲಕ್ಕಿಟ್ಟು ಕೂತಿತು. ಬಾಲ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ. ತಲೆ ಎತ್ತಿ ಸೊಪ್ಪಿನ ಅಡಿಭಾಗ ನೋಡಿತು, ಯಾವತ್ತೂ ಕೆಳಗಿನಿಂದ ನೋಡದ ಜಾಗವನ್ನು. ಆಮೇಲೆ ಎದ್ದು ಎಡಕ್ಕೂ ಬಲಕ್ಕೂ ಮೂಸದೆ ನೇರವಾಗಿ ಬಡಗಣ ಗೋಡೆಯ ಮೂಲೆಗೆ ನಡೆಯಿತು. ಮೊದಲ ಗಳಕ್ಕೆ ನೆಗೆಯಿತು, ಎರಡು ಕಡ್ಡಿಗಳ ನಡುವೆ ತಲೆ ತೂರಿಸಿ ಸೊಪ್ಪಿನೊಳಗೆ ಮಾಯವಾಯಿತು. ಎಲೆಗಳು ಸರಸರ ಅಂದವು, ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ ಮೇಲೆ. ಆಮೇಲೆ ಒಂದೇ ಜಾಗದಿಂದ ದನಿ ಬರತೊಡಗಿತು. ಆ ದನಿಗೆ ಇರುವೆಯಷ್ಟು ಸಣ್ಣ ದನಿಯೊಂದು ಉತ್ತರ ಕೊಟ್ಟಿತು.

"ಗೊತ್ತಿತ್ತು ಅವಳಿಗೆ! ಎತ್ತರಾನೂ ಗೊತ್ತಿತ್ತು!" ಅಂತ ಇವರು ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಕಣ್ಣಲ್ಲಿ ನೀರಿತ್ತು.

"ಮೂರನೇ ಸಾಲು," ಅಂದರು ಭಾವ. "ಹಳೇ ಗಳ ಕೊಳೆತೋಯ್ತು ಅಂತ ಕಿತ್ತಾಕ್ಸಿದ್ನಲ್ಲ, ಅದರ ತೂತು ಮುಚ್ಚಿಸಿರ್ನಿಲ್ಲ. ಗೋಡೆಯೊಳಕ್ಕೆ ಇಟ್ಟೈತೆ." ಹಾಗಾಗಿಯೇ ಮಂಟಯ್ಯನ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಆ ತೂತಿನ ಬಾಯಿಗೇ ಕಡ್ಡಿಗಳು ಒತ್ತಿ ಕೂತಿದ್ದವು, ತಾಯಿ ಮೂತಿ ಹಾಕಬಹುದು, ಮರಿ ಎಳೆಯಲಾಗದು.

ಯಾರಾದರೂ ಹತ್ತಬೇಕು. ಮಂಟಯ್ಯ ಬೆಳಗ್ಗೆಯೇ ಹನಗೋಡಿನ ಕಡೆ ಯಾರದೋ ಬ್ಯಾರನ್ ತುಂಬಲು ಹೋಗಿದ್ದ, ಕತ್ತಲಾಗದೆ ಬರುವವನಲ್ಲ. ಊರಿನ ಗಂಡಸರೆಲ್ಲ ಅವರವರ ಹೊಲದಲ್ಲಿದ್ದರು. ಮೊದಲು ನಮ್ಮ ಯಜಮಾನರು ಪ್ಯಾಂಟು ಮಡಚಿಕೊಂಡು ಹೊರಟರು. ಆವಿಗೆ ನೆನೆದ ಗಳ, ಮೊದಲ ಸಾಲಿಗೇ ಕಾಲು ಜಾರಿತು. ನಾಲ್ಕು ಕಡ್ಡಿ ಸೊಪ್ಪನ್ನು ಮೈಮೇಲೆ ಎಳೆದುಕೊಂಡು ದೊಪ್ಪನೆ ಬಿದ್ದರು. ಕೊಳವೆಗೆ ತಾಗಿದ ಮೊಣಕೈ ಸುಟ್ಟಿತು.

"ಈಚೆಗ್ ಬಾರ್ಲಾ! ಬೆಕ್ಕಿನ ಜೊತೆ ನಿನ್ನೂ ಬೇಯಿಸ್ಬೇಕಾಯ್ತದೆ!" ಅಂತ ಭಾವ ಅವರನ್ನು ಹೊರಗೆಳೆದರು.

ಎಳೆದವರು ಅಲ್ಲೇ ನಿಂತರು. ಒಳಗಿನಿಂದ ನಿಂಗಿಯ ದನಿ ಬರುತ್ತಲೇ ಇತ್ತು. ಭಾವ ಗಾಜಿನಲ್ಲಿ ಬಗ್ಗಿ ಎಲೆಯ ಬಣ್ಣ ನೋಡಿದರು, ಒಲೆಯನ್ನು ನೋಡಿದರು, ಅಕ್ಕನನ್ನು ಮಾತ್ರ ನೋಡಲಿಲ್ಲ. ಆಮೇಲೆ ಹೆಗಲ ಮೇಲಿನ ಟವೆಲ್ಲನ್ನು ಕೊರಳಿಗೆ ಜೋಳಿಗೆಯ ಹಾಗೆ ಕಟ್ಟಿಕೊಂಡು, ಪಂಚೆ ಎತ್ತಿ ಕಟ್ಟಿದರು.

"ಅಣ್ಣ, ಬೇಡ," ಅಂದರು ಇವರು. "ಮೇಲು ಯಾವುದು ಕೆಳಗು ಯಾವುದು ಅಂತ ಹೇಳೋ ಸೂಕ್ಷ್ಮ ಇರೋದು ಕಿವಿ ಒಳಗೆ. ನಿಂದು ಬಿದ್ದ ದಿನವೇ ಕೆಟ್ಟಿದೆ. ಬೆಳಕಲ್ಲಿ ಕಣ್ಣಿಂದ ಹೆಂಗೋ ನಿಭಾಯಿಸ್ತೀಯ. ಅಲ್ಲಿ ಕಣ್ಣೂ ಕಾಣಲ್ಲ."

"ನಿನ್ನ ಪಾಠ ಕಾಲೇಜಲ್ಲಿ ಮಾಡೋಗೋ."

"ಅಲ್ಲ ಭಾವ..." ಅಂದೆ ನಾನು.

"ಸೊಪ್ಪು ಬೇಯಿಸಿ ಬದುಕೋನು ನಾನು ಕಣವ್ವ. ಜೀವ ಬೇಯಿಸಿ ಬದುಕೋನಲ್ಲ." ಅಷ್ಟು ಹೇಳಿ ಒಳಗೆ ಹೋದರು.

ಅಕ್ಕ ಅವರ ಹಿಂದೆಯೇ ಹೋದಳು. ತಡೆಯಲಿಲ್ಲ. ಮೂಲೆಯ ಕೆಳಸಾಲಿನ ಕಡ್ಡಿಗಳನ್ನು ಅವರು ಒಂದೊಂದಾಗಿ ತೆಗೆದುಕೊಟ್ಟರು, ಇವಳು ಒಂದೊಂದಾಗಿ ನನಗೆ ಕೊಟ್ಟಳು. ಮನುಷ್ಯ ನುಸುಳುವಷ್ಟು ಸಂದಿ ಆಯಿತು. ಭಾವ ಗಳ ಹಿಡಿದು ಕಾಲು ಇಟ್ಟರು. ಮೊದಲ ಸಾಲು ದಾಟಿದರು. ಕಾಲು ಕಾಣದಾಯಿತು. ಎಲೆಗಳ ಸದ್ದು, ಏದುಸಿರು, ಕಡ್ಡಿ ಸರಿಸುವ ಸದ್ದು. ಬಹಳ ಹೊತ್ತಿನ ಮೇಲೆ ಮೇಲಿನಿಂದ, "ಬಾರೇ ಶನಿ, ಕೈ ಕಚ್ಚಬ್ಯಾಡ," ಅನ್ನುವುದು ಕೇಳಿತು. ಆಮೇಲೆ, "ಮೂರೂ ಅವೆ. ಉಸಿರಾಡ್ತಾವೆ."

ನಾನು ಅಲ್ಲೇ ಕೈ ಮುಗಿದೆ. ಮರಿಗಳಿಗೆ ಕಾಯದೆ ನಿಂಗಿ ಸೊಪ್ಪಿನೊಳಗಿಂದ ಜಾರಿ ಕೆಳಗೆ ಬಂದು ನಮ್ಮ ಕಾಲ ಸುತ್ತ ತಿರುಗಿದಳು. ನಾವು ಕಾದೆವು. ಭಾವ ಬರಲಿಲ್ಲ. ಎಲೆಯ ಸದ್ದೂ ನಿಂತುಹೋಯಿತು.

"ಅಣ್ಣ?" ಅಂದರು ಇವರು, ಬ್ಯಾಟರಿ ಮೇಲಕ್ಕೆ ಹಿಡಿದು. ಬೆಳಕು ಮೊದಲ ಸಾಲಿನ ಎಲೆಗೆ ಬಡಿದು ಅಲ್ಲೇ ನಿಂತಿತು.

"ಆರ್ಸೋ ಅದನ್ನ. ಎಲ್ಲಾ ಸುತ್ತುತೈತೆ." ಭಾವನ ದನಿ ಯಾರದೋ ದನಿಯ ಹಾಗಿತ್ತು. "ಸೋಮ, ಕೆಳಗು ಯಾವ ಕಡೆಗೈತೋ?"

ಯಾವ ಕಡೆಗಿದೆ ಅಂತ ಹೇಳುವುದು? ಕೆಳಗು ಕೆಳಗೇ ಇರುತ್ತದೆ. ಅದು ಗೊತ್ತಿಲ್ಲದವನಿಗೆ ಅದನ್ನು ತೋರಿಸುವುದು ಹೇಗೆ? ನಮ್ಮ ಮೇಷ್ಟ್ರಿಗೆ ಉತ್ತರ ಗೊತ್ತಿಲ್ಲದ್ದನ್ನು ನಾನು ಮೊದಲ ಸಲ ಕಂಡದ್ದು ಆವತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಭಾವ ಬಿದ್ದ ದಿನ ಕೆಳಗೆ ನಿಂತು ಕಡ್ಡಿ ಕೊಡುತ್ತಿದ್ದವಳು ಅಕ್ಕನೇ. "ರೀ, ಸಾಕಾ, ಇನ್ನೂ ಕೊಡ್ಲಾ?" ಅಂತ ಕೂಗಿದಳಂತೆ, ಅವರು ತಿರುಗಿ ನೋಡಿದರಂತೆ, ಬಿದ್ದರಂತೆ. ಆವತ್ತಿನಿಂದ ಅಕ್ಕ ಬ್ಯಾರನ್ನಿನ ಒಳಗೆ ಬಾಯಿ ತೆರೆದವಳಲ್ಲ. ತುಂಬುವಾಗ ಏನು ಬೇಕಾದರೂ ಕೈಸನ್ನೆ. ಹೊಸದಾಗಿ ಬಂದ ಕೂಲಿಯವರು ಇವಳು ಮೂಗಿಯೇನೋ ಅಂದುಕೊಳ್ಳುತ್ತಿದ್ದರು. ಸೊಪ್ಪು ಕಟ್ಟುತ್ತ ಕೂತಾಗ ನನಗೊಬ್ಬಳಿಗೆ ಇದನ್ನು ಹೇಳಿದ್ದಳು. "ನನ್ನ ಬಾಯೇ ಅವರನ್ನ ಬೀಳಿಸ್ತು ಕಣೇ," ಅಂದಿದ್ದಳು. ಅದು ಸುಳ್ಳು ಅಂತ ನಾನು ಎಷ್ಟು ಹೇಳಿದರೂ ಅವಳ ಕಿವಿಗೆ ಹೋಗಿರಲಿಲ್ಲ.

ಈಗ ಅವಳು ಮೂಲೆಗೆ ಹೋಗಿ, ಭಾವ ಹತ್ತಿದ ಸಂದಿಯ ಕೆಳಗೆ ಬೆನ್ನನ್ನು ಗೋಡೆಗೆ ಒತ್ತಿಕೊಂಡು ನಿಂತಳು. ಮೇಲೆ ನೋಡಲಿಲ್ಲ, ನೋಡಿದರೆ ಕಾಣುವುದೂ ಇಲ್ಲ. ಕಣ್ಣು ಮುಚ್ಚಿಕೊಂಡಳು. ಅವಳ ತುಟಿ ಎರಡು ಸಲ ಅಲ್ಲಾಡಿತು, ದನಿ ಬರಲಿಲ್ಲ. ಮೂರನೆಯ ಸಲಕ್ಕೆ ಬಂತು.

"ರೀ. ನಾನು ಇವ್ನಿ ಇಲ್ಲಿ."

ಅಕ್ಕ ದನಿ ಏರಿಸಿದಳು.

"ಕಣ್ಣು ಮುಚ್ಕೊಳಿ. ನನ್ನ ದನಿ ಇರೋ ಕಡೆನೇ ನೆಲ. ಇನ್ನೇನೂ ಯೋಚ್ನೆ ಮಾಡ್ಬ್ಯಾಡಿ. ಬೆನ್ನು ಗೋಡೆಗೆ ತಾಗೈತಾ?"

"ಐತೆ," ಅಂದರು ಭಾವ, ಸಣ್ಣಗೆ.

"ಎಡಗೈಯಲ್ಲಿ ಗಳ ಬುಡಬ್ಯಾಡಿ. ಬಲಗಾಲು ನನ್ನ ಕಡೆಗೆ ಬುಡಿ. ಇನ್ನೂ ಬುಡಿ. ಇನ್ನೊಂದು ಗೇಣು. ಸಿಕ್ತಾ? ಅದು ಗಂಟಿರೋ ಗಳ, ಜಾರಾಕಿಲ್ಲ. ಊರಿ."

ಎಲೆ ಸರಿದ ಸದ್ದಾಯಿತು.

"ಈಗ ಎಡಗಾಲು. ಅದರ ಪಕ್ಕದ್ದು ಸೊಟ್ಟ ಗಳ, ಅದನ್ನ ತುಳೀಬ್ಯಾಡಿ. ದಾಟಿಸಿ ಇಡಿ. ಆಂ, ಅಲ್ಲೇ."

ಅವಳು ಏನನ್ನೂ ನೋಡುತ್ತಿರಲಿಲ್ಲ. ವರ್ಷ ವರ್ಷ ತನ್ನ ಗಂಡ ಎಲ್ಲೆಲ್ಲಿ ಕಾಲಿಟ್ಟು ನಿಂತಿದ್ದನೋ, ಅವನ ಕೈಗೆ ಸಿಗುವ ಹಾಗೆ ಅಲ್ಲಲ್ಲಿಗೇ ಕಡ್ಡಿ ಎತ್ತಿ ಕೊಟ್ಟವಳು. ಗಳ ಗಳವೂ ಅವಳ ಮೈಗೆ ಗೊತ್ತಿತ್ತು. ಅವನ ಕಾಲಿನ ಉದ್ದ, ಕೈ ಎಟುಕುವ ದೂರ, ಅವನು ಹೆದರಿದಾಗ ಉಸಿರು ಹಿಡಿಯುವ ರೀತಿ, ಎಲ್ಲ ಗೊತ್ತಿತ್ತು. ಯಜಮಾನರು ಮೆಲ್ಲಗೆ ನನ್ನ ಕಿವಿಯ ಹತ್ತಿರ ಬಂದು ಏನೋ ಹೇಳಲು ಹೊರಟರು. ಅವರ ಸುಟ್ಟಿರದ ಕೈಯನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ, ಅವರು ಹೇಳಲಿಲ್ಲ.

ನಡುವೆ ಒಮ್ಮೆ ಭಾವ ನಿಂತುಬಿಟ್ಟರು. "ನೀನು ಮೇಲಿದೀಯಾ ಮಂಗಳಾ?" ಅಂದರು. ಎಳೆ ಮಗುವಿನ ಹಾಗೆ ಕೇಳಿದರು.

"ನಾನ್ಯಾಕ್ರೀ ಮೇಲಿರ್ಲಿ? ಯಾವತ್ತು ಮೇಲಿದ್ದೆ ನಾನು? ಕೆಳಗೇ ನಿಂತಿವ್ನಿ, ಯಾವಾಗ್ಲೂ ನಿಂತಿರೋ ಕಡೆನೇ," ಅಂದಳು ಅಕ್ಕ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ದನಿ ಮಾತ್ರ ಎಣ್ಣೆ ಹೊಯ್ದ ಹಾಗೆ ಬರುತ್ತಿತ್ತು. "ಮರಿಗೋಳು ಅಮುಕೋದಾವು, ಎದೆ ಸ್ವಲ್ಪ ಸಡ್ಲ ಮಾಡಿ. ಈಗ ಬಲಗಾಲು ಬುಡಿ."

ಹಿಮ್ಮಡಿ ಕಂಡಿತು. ಆಮೇಲೆ ಮೊಣಕಾಲು, ಪಂಚೆ, ಎದೆಯ ಮೇಲೆ ಟವೆಲ್ಲಿನ ಗಂಟು, ಅದರೊಳಗೆ ಮಿಸುಕಾಡುವ ಜೀವಗಳು. ಭಾವನ ಮುಖವೆಲ್ಲ ಸೊಪ್ಪಿನ ಅಂಟು, ಬೆವರು. ಕಣ್ಣು ಬಿಗಿಯಾಗಿ ಮುಚ್ಚಿದ್ದರು. ಕೊನೆಯ ಗಳದಿಂದ ಒಂದು ಕಾಲು ನೆಲ ಮುಟ್ಟಿತು, ಇನ್ನೊಂದೂ ಮುಟ್ಟಿತು. ಆದರೂ ಗಳ ಹಿಡಿದ ಕೈಯನ್ನು ಅವರು ಬಿಡಲಿಲ್ಲ. ಮುಂದಿನ ಮಾತಿಗಾಗಿ ಹಾಗೇ ಕಾಯುತ್ತ ನಿಂತರು. ಕಾಲಡಿ ಗಟ್ಟಿ ನೆಲವಿದ್ದರೂ ಅದು ನೆಲ ಅಂತ ಆ ಮನುಷ್ಯನಿಗೆ ಗೊತ್ತಾಗಲಿಲ್ಲ.

ಅಕ್ಕ ಕಣ್ಣು ತೆರೆದಳು. ಅವರ ಮುಂದೆ ಮಂಡಿಯೂರಿ ಕೂತು ಎರಡು ಕೈಯಲ್ಲಿ ಅವರ ಎರಡು ಪಾದ ಹಿಡಿದಳು.

"ಮಂಗಳಾ," ಅಂದರು ಭಾವ, ಕಣ್ಣು ಮುಚ್ಚಿಕೊಂಡೇ, "ನೆಲ ಇನ್ನೂ ಎಷ್ಟು ಕೆಳಗೈತೆ?"

"ಬಂತು ಕಣ್ರೀ," ಅಂದಳು ಅಕ್ಕ, ಆ ಪಾದಗಳನ್ನು ಮಣ್ಣಿಗೆ ಒತ್ತುತ್ತ. "ಯಾವಾಗ್ಲೋ ಬಂತು. ಕೈ ಬುಡಿ."

ಭಾವ ಕೈ ಬಿಟ್ಟರು.